ರೊಟ್ಟಿ ಒಲೆಯ ಶೆಡ್ಡು ಮತ್ತು ನಾನೇ ಬರೆದ ನಕ್ಷೆ

ಮನೆ ನನ್ನದು, ಹಿತ್ತಲು ನನ್ನದು, ತಗಡು ನನ್ನದು. ಇನ್ನು ಕೇಳುವವರು ಯಾರು?

ಹೀಗೆಂದುಕೊಂಡೇ ನಾನು ವಿದ್ಯಾನಗರದ ನಮ್ಮ ಮನೆಯ ಹಿತ್ತಲಲ್ಲಿ, ಕಾಂಪೌಂಡ್ ಗೋಡೆಗೆ ಹತ್ತಿಕೊಂಡಂತೆ ಒಂದು ತಗಡಿನ ಶೆಡ್ ಹಾಕಿಸಿದೆ. ಶೆಡ್ ಬೇಕಾಗಿದ್ದು ನನ್ನ ಹೆಂಡತಿ ಗಿರಿಜೆಗೆ. ಅವಳು ಭಾನುವಳ್ಳಿಯವಳು. ಗ್ಯಾಸಿನ ಮೇಲೆ ಸುಟ್ಟಿದ್ದನ್ನು ಜೋಳದ ರೊಟ್ಟಿ ಎಂದು ಕರೆಯಲು ಇವತ್ತಿಗೂ ಒಪ್ಪುವುದಿಲ್ಲ. ಕಟ್ಟಿಗೆ ಒಲೆಗೆ ಒಂದು ನೆರಳು ಮಾಡಿಕೊಡಿ ಎಂದು ಈ ಮನೆ ಕಟ್ಟಿದಾಗಿನಿಂದ, ಅಂದರೆ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಳು. ಮೊದಲ ರೊಟ್ಟಿ ಉಬ್ಬಿದಾಗ ಅವಳ ಮುಖ ನೋಡಬೇಕಿತ್ತು! ನಾನೂ ಉಬ್ಬಿದೆ.

ಮೊದಲ ಮಳೆಗೇ ಹಿಂದಿನ ಮನೆಯ ಬಾಷಾ ಸಾಹೇಬರು ಗೋಡೆಯಾಚೆ ಕಾಣಿಸಿಕೊಂಡರು. ಜೀವನವಿಡೀ ಬಡಗಿ ಕೆಲಸ ಮಾಡಿದವರು, ಮೆತ್ತನೆ ಮಾತಿನವರು.

"ಸರ್, ನಿಮ್ಮ ತಗಡಿನ ನೀರು ನಮ್ಮ ಅಂಗಳಕ್ಕೆ ಬೀಳ್ತೈತ್ರಿ. ಸ್ವಲ್ಪ ಈಚೆ ಸರಿಸಿದ್ರೆ ಚಲೋ ಆಗ್ತಿತ್ತು."

ಬುದ್ಧಿ ಇರುವ ಯಾರಾದರೂ "ಆಯ್ತ್ರಿ" ಎನ್ನುತ್ತಿದ್ದರು. ಆದರೆ ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು!

"ಎಲ್ಲಾ ನಿಯಮದ ಪ್ರಕಾರನೇ ಐತೆ ಸಾಹೇಬ್ರೇ. ಬೇಕಾದ್ರೆ ಕಾಗದ ತಂದು ತೋರಿಸ್ತೀನಿ!"

"ಕಾಗದ ಯಾಕ್ರಿ ಸರ್? ಒಂದು ಪೈಪ್ ಕೂಡಿಸಿದ್ರೂ ಸಾಕು."

ಯಾರೂ ದೂರು ಕೊಟ್ಟಿರಲಿಲ್ಲ. ಯಾರೂ ನನ್ನನ್ನು ಕರೆದಿರಲಿಲ್ಲ. ನಾನಾಗಿಯೇ ಸ್ಕೂಟರ್ ಹತ್ತಿ, ಕಟ್ಟಡದ ಪರವಾನಗಿ ಕೊಡುವ ಕಚೇರಿಗೆ ಹೋದೆ. ಅಲ್ಲಿದ್ದ ಎಂಜಿನಿಯರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಗೋಡೆಯಿಂದ ಮೂರು ಅಡಿ ಸೆಟ್‌ಬ್ಯಾಕ್ ಬಿಟ್ಟೀರೇನ್ರಿ?"

"ಮೂರು ಇಂಚು ಬಿಟ್ಟೀನಿ."

"ಹಂಗಾದ್ರೆ ರಿಯಾಯಿತಿಗೆ ಒಂದು ಅರ್ಜಿ ಹಾಕ್ರಿ. ಜೊತೆಗೊಂದು ನಕ್ಷೆ ಕೊಡ್ರಿ."

ಬೇರೆಯವರಾಗಿದ್ದರೆ ನಾಲ್ಕು ಗೆರೆ ಎಳೆದು ಕೊಡುತ್ತಿದ್ದರು. ನಾನು ಗ್ರಾಫ್ ಹಾಳೆ ತಂದೆ. ಪಕ್ಕದ ಸಂದಿಗೆ ಚಾಚಿದ ಮೆಟ್ಟಿಲು, ಆಮೇಲೆ ಸೇರಿಸಿದ ಬಚ್ಚಲು, ಕಿಟಕಿಯ ಸಜ್ಜಾ, ಒಂದನ್ನೂ ಬಿಡದೆ ಅಡಿ, ಇಂಚು ಸಮೇತ ಬರೆದೆ.

"ಶೆಡ್ ಒಂದು ಬರೆದ್ರೆ ಸಾಕಲ್ರಿ, ಮನೆಯೆಲ್ಲಾ ಯಾಕ ಬರೀತೀರಿ?" ಎಂದಳು ಗಿರಿಜೆ.

"ಪೂರ್ತಿ ಬರೀದಿದ್ರೆ ಪೂರ್ತಿ ಮಾರ್ಕ್ಸ್ ಬರಲ್ಲ," ಎಂದೆ.

ಮುಂದಿನ ವಾರ ಎಂಜಿನಿಯರ್ ನಕ್ಷೆ, ಟೇಪು ಹಿಡಿದು ಮನೆಗೇ ಬಂದರು. ಬಹಳ ಹೊತ್ತು ನಕ್ಷೆ ನೋಡಿ ತಲೆದೂಗಿದರು.

"ನಾವೇ ಹುಡುಕಿದ್ರೂ ಇಷ್ಟು ತಪ್ಪು ಸಿಗ್ತಿರಲಿಲ್ಲ ಸರ್. ಎಲ್ಲಾ ನೀವೇ ಬರೆದು ಕೊಟ್ಟೀರಿ!"

ಪೂರ್ತಿ ಮಾರ್ಕ್ಸ್ ಬಂದಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಅವರು ಹಿತ್ತಲಿನ ಗೋಡೆಯ ಬುಡಕ್ಕೆ ಟೇಪಿನ ತುದಿ ಹಿಡಿಸಿ ಸೈಟಿನ ಉದ್ದ ಅಳೆದರು. ಮತ್ತೊಮ್ಮೆ ಅಳೆದರು.

"ಕ್ರಯಪತ್ರದಾಗೆ ನಲವತ್ತು ಅಡಿ ಐತೆ. ಇಲ್ಲಿ ನಲವತ್ತೂವರೆ ಬರ್ತೈತೆ. ಈ ಅರ್ಧ ಅಡಿ ಯಾರ್ದು ಸರ್?"

ಆಗ ನೆನಪಾಯಿತು. ಮನೆ ಕಟ್ಟುವಾಗ ಹರಿಹರದಿಂದ ವಾಸ್ತು ಹೇಳುವವರನ್ನು ಕರೆಸಿದ್ದೆ. ಉದ್ದ ಅಗಲ ಗುಣಿಸಿ, ಭಾಗಿಸಿ, ಕೊನೆಗೆ ಒಳ್ಳೆಯ ಶೇಷ ಉಳಿದರೆ ಆಯ ಕೂಡಿತೆಂದು ಲೆಕ್ಕ. ನಮಗೆ ಕೂಡಲಿಲ್ಲ. "ಹಿತ್ತಲ ಗೋಡೆ ಅರ್ಧ ಅಡಿ ಹಿಂದಕ್ಕೆ ಸರಿಸ್ರಿ, ಕೂಡ್ತೈತೆ" ಎಂದರು. ಹಿಂದಿನ ಸೈಟು ಖಾಲಿ ಬಿದ್ದಿತ್ತು. ಸರಿಸಿದೆ! ಅವರ ಭಾಗಾಕಾರವನ್ನು ನಾನೇ ಎರಡು ಸಲ ತಾಳೆ ನೋಡಿದ್ದೆ. ಆ ಅರ್ಧ ಅಡಿ ಎಲ್ಲಿಂದ ಬಂತೆಂದು ಮಾತ್ರ ಯೋಚಿಸಲಿಲ್ಲ.

"ಶೆಡ್ ಉಳೀಬೇಕಂದ್ರೆ ಹಿಂದಿನ ಮನೆಯವರ ಒಪ್ಪಿಗೆ ಪತ್ರ ತರ್ರಿ," ಎಂದು ಎಂಜಿನಿಯರ್ ಹೊರಟರು.

ಒಪ್ಪಿಗೆ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡು ಸಾಹೇಬರ ಮನೆಗೆ ಹೋದೆ. ಅವರು ಚಹಾ ತರಿಸಿದರು. ಕಪ್ಪನ್ನು ಪಕ್ಕಕ್ಕಿಟ್ಟು ಮಾತು ತೆಗೆದೆ.

"ಸಾಹೇಬ್ರೇ, ಆ ಗೋಡೆ ಐತಲ್ಲ..."

"ಅರ್ಧ ಅಡಿ ನಮ್ಮ ಕಡೆ ಐತೆ. ಗೊತ್ತೈತ್ರಿ ಸರ್."

"ಯಾವಾಗಿಂದ?"

"ನಮ್ಮ ಮನೆ ಪಾಯ ಹಾಕುವಾಗಿಂದ. ಬಡಗಿ ಕಣ್ಣು, ಒಂದು ನೂಲು ಹೆಚ್ಚು ಕಮ್ಮಿ ಆದ್ರೂ ತಿಳೀತೈತೆ."

"ಮತ್ತೆ ಯಾಕ ಕೇಳ್ಲಿಲ್ಲ?"

"ನೀವು ಲೆಕ್ಕದ ಮೇಷ್ಟ್ರು. ಲೆಕ್ಕ ಹಾಕೇ ಕಟ್ಟಿರ್ತೀರಿ ಅಂತ ಸುಮ್ನಾದೆ."

ಇಷ್ಟು ಹೇಳಿ ಅವರು ಪೆನ್ನು ತೆಗೆದು, "ಎಲ್ಲಿ ಸೈನ್ ಮಾಡ್ಬೇಕ್ರಿ?" ಎಂದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಲ್ಕು ಹನಿ ನೀರಿಗಾಗಿ ಕಾಗದ ತೋರಿಸುತ್ತೇನೆಂದು ಗರ್ಜಿಸಿದ್ದು ಇದೇ ಮನುಷ್ಯನ ಮೇಲೆ. ಜೇಬಿನ ಪತ್ರ ಜೇಬಿನಲ್ಲೇ ಉಳಿಯಿತು. ಮನೆಗೆ ಬಂದು ಶೆಡ್ ಬಿಚ್ಚಿಸಿದೆ.

"ಇಪ್ಪತ್ತು ವರ್ಷ ಕಾದೆ. ಒಲೆ ಉರಿದದ್ದು ಇಪ್ಪತ್ತು ದಿನ!" ಎಂದ ಗಿರಿಜೆ ಎರಡು ದಿನ ನನಗೆ ಬರೀ ಅನ್ನ ಬಡಿಸಿದಳು. ಮೂರನೇ ದಿನ ಸಾಹೇಬರ ಹೆಂಡತಿ ಗೋಡೆಯಾಚೆಯಿಂದ, "ನಮ್ಮ ಒಲೆ ಐತಲ್ಲಕ್ಕಾ, ಬರ್ರಿ" ಎಂದು ಕರೆದರು.

ಈಗ ಗಿರಿಜೆ ರೊಟ್ಟಿ ಬಡಿಯುವುದು ಅವರ ಹಿತ್ತಲಲ್ಲಿ. ನಾನು ತಟ್ಟೆ ಹಿಡಿದು ಗೋಡೆಯ ಈಚೆ ಕಾಯುತ್ತೇನೆ. ನಿನ್ನೆ ಬಿಸಿ ರೊಟ್ಟಿಯ ಆಸೆಗೆ ಗೋಡೆಗೇ ಒತ್ತಿಕೊಂಡು ಕೈ ಚಾಚಿದೆ.

"ಹಿಂದಕ್ಕೆ ಸರೀರಿ," ಎಂದಳು. "ನೀವು ನಿಂತಿರೋದು ಸಾಹೇಬ್ರ ಜಾಗದಾಗೆ!"

ಲೆಕ್ಕ ಸರಿಯಾಗಿತ್ತು. ಅರ್ಧ ಅಡಿ ಹಿಂದೆ ಸರಿದು, ತಟ್ಟೆ ಚಾಚಿದೆ.