ಕಲ್ಲು ಬೀಳುವ ಆಟ

ಗಂಡಸರು ಯಾವ ವಯಸ್ಸಿನಲ್ಲೂ ಆಟದ ಸಾಮಾನು ತರುವುದನ್ನು ಬಿಡುವುದಿಲ್ಲ, ಮನೆಯಲ್ಲಿ ಹೇಳುವ ಕಾರಣ ಮಾತ್ರ ಬದಲಾಗುತ್ತಾ ಹೋಗುತ್ತದೆ. ಎಂಬತ್ತರ ದಶಕದಲ್ಲಿ ನಾವು ಬಸವೇಶ್ವರನಗರದಲ್ಲಿ ಬಾಡಿಗೆಗಿದ್ದಾಗ, ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ಚಿಕ್ಕಪ್ಪನ ಮಗ ಒಂದು ಪುಟ್ಟ ಕಂಪ್ಯೂಟರ್ ತಂದುಕೊಟ್ಟ. ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಮಗಳ ವಿದ್ಯಾಭ್ಯಾಸಕ್ಕೆ ಬೇಕಾಗುತ್ತದೆ ಎಂದು ಹೆಂಡತಿ ಪಾರ್ವತಿಗೆ ಹೇಳಿದೆ. ಮಗಳಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ.

ಅದು ಪಂಚಾಂಗದಷ್ಟು ಅಗಲದ ಕಪ್ಪು ಡಬ್ಬಿ. ಅದಕ್ಕೆ ತನ್ನದೆಂಬ ಪರದೆ ಇರಲಿಲ್ಲ. ನಮ್ಮ ಕಪ್ಪುಬಿಳುಪು ಟಿ.ವಿ.ಯ ಆಂಟೆನಾ ವೈರು ಕಿತ್ತು ಆ ಜಾಗಕ್ಕೆ ಸಿಕ್ಕಿಸಬೇಕು. ಗುಂಡಿಗಳೂ ಇಲ್ಲ, ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚಾದ ಅಕ್ಷರಗಳನ್ನು ತಿಗಣೆ ಹೊಸಕಿದ ಹಾಗೆ ಅದುಮಬೇಕು. ಜೊತೆಗೆ ಬಂದ ಪುಸ್ತಕದಲ್ಲಿ ಒಂದು ಆಟವಿತ್ತು. ಅದನ್ನೂ ಸಾಲು ಸಾಲಾಗಿ ನಾವೇ ಟೈಪು ಮಾಡಿಕೊಳ್ಳಬೇಕು. ಮಾಡಿದೆ. ಮೇಲಿನಿಂದ ಕಪ್ಪು ಚೌಕಗಳು ಬೀಳುತ್ತವೆ, ಅವು ಕಲ್ಲು. ಕೆಳಗೊಂದು ಸಣ್ಣ ಗೆರೆ, ಅದು ನಾನು. ಕಲ್ಲು ತಾಗದ ಹಾಗೆ ಅತ್ತಿತ್ತ ಸರಿಯಬೇಕು. ಬಣ್ಣವಿಲ್ಲ, ಸದ್ದಿಲ್ಲ. ಆದರೂ ಆ ಹುಚ್ಚು ಎಷ್ಟು ಹತ್ತಿತೆಂದರೆ, ಆಫೀಸಿನಲ್ಲಿ ಫೈಲು ನೋಡುವಾಗಲೂ ಮೇಲಿಂದ ಏನೋ ಬಿದ್ದಂತಾಗಿ ತಲೆ ಓರೆ ಮಾಡುತ್ತಿದ್ದೆ. ಮ್ಯಾನೇಜರು ಒಂದು ಸಲ, ಕುತ್ತಿಗೆ ಉಳುಕಿದೆಯೇ ಎಂದು ಕನಿಕರದಿಂದ ವಿಚಾರಿಸಿದ್ದರು.

ಕರೆಂಟು ಹೋದರೆ ಮಾತ್ರ ಟೈಪು ಮಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು. ಉಳಿಯಬೇಕಾದರೆ ಟೇಪ್ ರೆಕಾರ್ಡರಿಗೆ ವೈರು ಕೊಟ್ಟು ಸದ್ದಿನ ರೂಪದಲ್ಲಿ ಕ್ಯಾಸೆಟ್ಟಿಗೆ ತುಂಬಬೇಕು. ಎರಡು ಸಲ ಕಳೆದುಕೊಂಡು, ಮೂರನೆಯ ಸಲ ಟೈಪು ಮುಗಿಸಿದ ಭಾನುವಾರ ಫ್ಯಾನು ನಿಧಾನವಾಗತೊಡಗಿತು. ಗಾಬರಿಯಲ್ಲಿ ಕೈಗೆ ಸಿಕ್ಕ ಕ್ಯಾಸೆಟ್ಟನ್ನು ತುರುಕಿದೆ. ಭದ್ರವಾಗಿರಲೆಂದು ಆ ಬದಿ ಮುಗಿಯುವ ತನಕ ಅದೇ ಆಟವನ್ನು ಮತ್ತೆ ಮತ್ತೆ ತುಂಬಿದೆ. ಕರೆಂಟು ಹೋಗಲೇ ಇಲ್ಲ. ಕ್ಯಾಸೆಟ್ಟು ಹೊರತೆಗೆದಾಗ ಅದರ ಮೇಲೆ ಪಾರ್ವತಿಯ ಅಕ್ಷರದಲ್ಲಿ ‘ಅಜ್ಜಿಯ ಪದಗಳು’ ಎಂದಿತ್ತು.

ಪಾರ್ವತಿಯ ಅಜ್ಜಿ ಹೆಗ್ಗನಹಳ್ಳಿಯ ಕಡೆಯವರು. ರಾಗಿ ಬೀಸುವಾಗ ಹೇಳುತ್ತಿದ್ದ ಐದು ಪದಗಳನ್ನು ಮೊಮ್ಮಗಳು ಕಾಡಿ ಬೇಡಿ ಅವರಿಂದ ಹಾಡಿಸಿ ತುಂಬಿಟ್ಟುಕೊಂಡಿದ್ದಳು. ನಾನು ಏನೂ ಆಗದವನಂತೆ ಕ್ಯಾಸೆಟ್ಟನ್ನು ಇದ್ದಲ್ಲೇ ಇಟ್ಟೆ. ಮುಂದಿನ ತಿಂಗಳು ಅಜ್ಜಿ ಮನೆಗೆ ಬಂದರು. ಊಟವಾದ ಮೇಲೆ ಪಾರ್ವತಿ, ನಿನ್ನ ಹಾಡು ನೀನೇ ಕೇಳು ಎಂದು ಟೇಪು ಹಾಕಿದಳು. ಕಬ್ಬಿಣವನ್ನು ಗರಗಸದಲ್ಲಿ ಕುಯ್ದಂಥ ಸದ್ದು ಬಂತು. ಅಜ್ಜಿ ಕಿವಿಗೊಟ್ಟು ಕೇಳಿದರು. ಆಮೇಲೆ ಗಂಟಲು ಮುಟ್ಟಿಕೊಂಡು ಮೆಲ್ಲಗೆ ಕೇಳಿದರು: “ನನ್ ದನಿ ಇಷ್ಟೊಂದು ಕೆಟ್ಟೋಗೈತೇನವ್ವಾ?”

ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವರ ಕೈ ಇನ್ನೂ ಗಂಟಲ ಮೇಲಿತ್ತು. ಎಲ್ಲವನ್ನೂ ಒಪ್ಪಿಕೊಂಡೆ. ಪಾರ್ವತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಅಜ್ಜಿ ಮಾತ್ರ ನೆಮ್ಮದಿಯ ಉಸಿರು ಬಿಟ್ಟು, ಆ ಕಿರುಚಾಟದೊಳಗೆ ಆಟ ಎಲ್ಲಿದೆ ತೋರಿಸಿ ಎಂದರು. ವೈರು ಸಿಕ್ಕಿಸಿ ಕ್ಯಾಸೆಟ್ಟು ಹಾಕಿದೆ. ನಾಲ್ಕನೆಯ ಪ್ರಯತ್ನಕ್ಕೆ ಕಲ್ಲು ಬೀಳತೊಡಗಿತು. ಅಜ್ಜಿ ಬಹಳ ಹೊತ್ತು ನೋಡಿದರು.

“ಇದು ಯಾವಾಗ ಮುಗೀತದೆ, ಅಳಿಯಂದ್ರೇ?”

“ಮುಗಿಯಲ್ಲ ಅಜ್ಜಿ. ನಾವು ಸೋಲೋವರೆಗೂ ಬೀಳ್ತಾನೇ ಇರುತ್ತೆ.”

“ರಾಗಿ ಬೀಸೋದೂ ಹಂಗೇಯ. ಅದಕ್ಕೇ ನಾವು ಪದ ಹೇಳ್ತಿದ್ದಿದ್ದು,” ಎಂದು ಅಜ್ಜಿ, ನನ್ನನ್ನು ಆಡಲು ಬಿಟ್ಟು, ತಾವಾಗಿಯೇ ಹಾಡತೊಡಗಿದರು. ಪಾರ್ವತಿ ಸದ್ದಾಗದಂತೆ ಟೇಪ್ ರೆಕಾರ್ಡರಿನ ವೈರು ಕಿತ್ತು, ಹೊಸ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದಳು. ನಾನು ನಿಲ್ಲಿಸಿದರೆ ಅಜ್ಜಿಯೂ ನಿಲ್ಲಿಸಿಯಾರೆಂಬ ಭಯಕ್ಕೆ ಬೆರಳು ನೋಯುವ ತನಕ ಆಡಿದೆ. ನಾಲ್ಕು ಪದ ಬಂದವು. ತವರು ಬಿಟ್ಟು ಬಂದ ದಿನದ ಮೇಲಿದ್ದ ಐದನೆಯದು ಎಷ್ಟು ತಡಕಿದರೂ ಅವರ ಬಾಯಿಗೆ ಬರಲಿಲ್ಲ. ಹೋಗಲಿ ಬಿಡು ಎಂದು ಮೊಮ್ಮಗಳ ತಲೆ ಸವರಿದರು. ನನಗೆ ಯಾರೂ ಏನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ಆ ಕಂಪ್ಯೂಟರು ಎರಡು ವರ್ಷದೊಳಗೆ ಕೆಟ್ಟು ಮೂಲೆ ಸೇರಿತು, ಅಜ್ಜಿಯೂ ತೀರಿಕೊಂಡರು. ಕ್ಯಾಸೆಟ್ಟುಗಳು ಎರಡೂ ಉಳಿದಿವೆ. ಹಳೆಯದರ ಮೇಲಿನ ಹೆಸರನ್ನು ಪಾರ್ವತಿ ಅಂದೇ ಹೊಡೆದುಹಾಕಿ, ‘ನಮ್ಮ ಯಜಮಾನರು ಹಾಡಿದ್ದು’ ಎಂದು ಬರೆದಿದ್ದಾಳೆ. ತಿದ್ದಿಸುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಮನೆಗೆ ಬಂದ ನೆಂಟರು ಅದನ್ನು ಓದಿ, ನಿಮಗೂ ಸಂಗೀತ ಬರುತ್ತದೆಯೇ, ಒಂದು ಹಾಡಿ ಎಂದು ಒತ್ತಾಯ ಮಾಡುತ್ತಾರೆ. ಇವತ್ತು ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಳ್ಳುತ್ತೇನೆ.