ಲಿಫ್ಟಣ್ಣನ ಅರ್ಧ ಗಂಟೆ

ಕಾಲೇಜಿನಿಂದ ಬಂದ ಕಾಗದ ಇಪ್ಪತ್ತು ದಿನಗಳಿಂದ ಲಿಫ್ಟಣ್ಣನ ಅಂಗಿಯ ಜೇಬಿನಲ್ಲೇ ಇತ್ತು. ಅಂಗಿ ಬದಲಾದಾಗಲೆಲ್ಲ ಅದೂ ಹೊಸ ಜೇಬಿಗೆ ವರ್ಗವಾಗುತ್ತಿತ್ತು. ಒಮ್ಮೆ ಮರೆತು ಬಕೆಟ್ಟಿನ ನೀರಿಗೂ ಬಿದ್ದಿತ್ತು. ಹೋಗಲಿ, ಪೀಡೆ ಕಳೆಯಿತು ಎಂದು ಅವನು ಒಳಗೊಳಗೇ ಹಿಗ್ಗುವಷ್ಟರಲ್ಲಿ ಹೆಂಡತಿ ಅದನ್ನು ಎತ್ತಿ, ಇಸ್ತ್ರಿ ಹಾಕಿ ಒಣಗಿಸಿ, ಮತ್ತೆ ಜೇಬಿಗೇ ತುರುಕಿದ್ದಳು.

ಕಾಗದದಲ್ಲಿ ಬರೆದಿದ್ದದ್ದು ಇಷ್ಟೇ: ಹೊಸದಾಗಿ ಹಾಸ್ಟೆಲ್ ಸೇರುವ ಮಕ್ಕಳಿಗೆ ಕುಡಿತದಿಂದ ಆಗುವ ಅನಾಹುತಗಳು ಮೊದಲ ಕೆಲವು ವಾರಗಳಲ್ಲೇ ಹೆಚ್ಚು. ಆದ್ದರಿಂದ ತಂದೆಯೋ ತಾಯಿಯೋ ಮಗುವಿನ ಜತೆ ಕೂತು ಈ ಬಗ್ಗೆ ಅರ್ಧ ಗಂಟೆ ಮನಸ್ಸು ಬಿಚ್ಚಿ ಮಾತಾಡಬೇಕು. ಮಾತಾಡಿದ್ದೇವೆ ಎಂದು ಇಬ್ಬರೂ ಸಹಿ ಹಾಕಿ ತರಬೇಕು. ಸಹಿ ಇಲ್ಲದಿದ್ದರೆ ಕೋಣೆಯ ಕೀಲಿಕೈ ಸಿಗುವುದಿಲ್ಲ.

"ನಾನು ಬಾಯಿ ತೆಗೆದ್ರೆ ಜಗಳಾನೇ ಆಗೋದು. ನೀವು ಮೆತ್ತಗಿನವರು, ನೀವೇ ಮಾತಾಡಿ" ಎಂದು ಹೆಂಡತಿ ಕೈ ತೊಳೆದುಕೊಂಡಿದ್ದಳು.

ಲಿಫ್ಟಣ್ಣ ಮೆತ್ತಗಿನವನಲ್ಲ, ಪುಕ್ಕಲ. ಎಂಟು ಮಹಡಿಯ ಹಳೆಯ ಕಚೇರಿ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲಿಫ್ಟ್ ಓಡಿಸುತ್ತಿದ್ದರೂ, ಬೆಳಗ್ಗೆ ಮೊದಲ ಸಲ ಮೇಲೇರುವಾಗ ಇಂದಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಈ ಮಾತಿಗಂತೂ ಅವನ ಕೈಕಾಲು ತಣ್ಣಗಾಗಿದ್ದವು. ಹೇಳದಿದ್ದರೆ ಮಗಳು ಕುಡಿದಾಳು. ಹೇಳಿದರೆ, ಹೇಳಿದ್ದೇ ನೆನಪಾಗಿ ಕುಡಿದಾಳು. ಇದ್ದವಳು ಒಬ್ಬಳೇ ಮಗಳು. ಇಪ್ಪತ್ತು ದಿನ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಈಗ ಕೊನೆಯ ದಿನ ಬಂದು ಕೂತಿತ್ತು. ಸಂಜೆ ಐದಕ್ಕೆ ಹಾಸ್ಟೆಲ್ ಬಾಗಿಲು ಮುಚ್ಚುತ್ತದೆ, ಅಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅವನಿಗೆ ರಜೆ ಸಿಕ್ಕಿದ್ದು ಮಧ್ಯಾಹ್ನ ಎರಡರ ಮೇಲೆ. ಹನ್ನೊಂದರ ಹೊತ್ತಿಗೆ ಮಗಳೇ ಚೀಲ ಹೊತ್ತುಕೊಂಡು ಲಿಫ್ಟಿನ ಬಾಗಿಲಿಗೆ ಬಂದು ನಿಂತಳು.

"ಸುಮ್ನೆ ಸಹಿ ಹಾಕಿಬಿಡೋಣ್ವಾ?" ಎಂದು ಅವನು ಆಸೆಯಿಂದ ಕೇಳಿದ.

"ಮಾತಾಡದೆ ಮಾತಾಡಿದ್ವಿ ಅಂತ ನಾನು ಬರೆಯಲ್ಲಪ್ಪ. ಹೇಳಿ, ಕೇಳ್ತೀನಿ" ಎಂದು ಅವಳು ಒಳಗೆ ಬಂದು, ಅವನ ಸ್ಟೂಲಿನ ಪಕ್ಕ ಗೋಡೆಗೊರಗಿ ಕೈಕಟ್ಟಿ ನಿಂತಳು. ಪರೀಕ್ಷೆ ಬರೆಸುವ ಮೇಷ್ಟರ ಹಾಗಿತ್ತು ಅವಳ ಮುಖ.

ಲಿಫ್ಟಣ್ಣ ಜಾಲರಿ ಬಾಗಿಲು ಎಳೆದು ಗುಂಡಿ ಒತ್ತಿದ. ಗಂಟಲು ಸರಿಮಾಡಿಕೊಂಡ. "ನೋಡಮ್ಮ, ಈ ಕುಡಿಯೋದು ಅಂತ ಇದ್ಯಲ್ಲ..."

ಅಷ್ಟರಲ್ಲಿ ಎರಡನೇ ಮಹಡಿ ಬಂತು. ಬಾಗಿಲ ಆಚೆ ವಿಮಾ ಕಚೇರಿಯ ಟೈಪಿಸ್ಟಮ್ಮ ನಿಂತಿದ್ದರು. 'ಕುಡಿಯೋದು' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರ ಕಣ್ಣು ತಂದೆಯಿಂದ ಮಗಳಿಗೆ, ಮಗಳಿಂದ ಚೀಲಕ್ಕೆ ಓಡಿತು. "ಅಯ್ಯೋ, ಈ ವಯಸ್ಸಿಗೇನಾ?" ಎಂದರು. ಲಿಫ್ಟಣ್ಣ ಬಾಯಿ ತೆರೆಯುವಷ್ಟರಲ್ಲಿ ಅವರು ನಾಲ್ಕರಲ್ಲಿ ಇಳಿದು ಹೋಗಿಯಾಗಿತ್ತು. ಹೋದದ್ದು ಸುಮ್ಮನೆ ಹೋಗಲಿಲ್ಲ, ಸುದ್ದಿ ಹೊತ್ತು ಹೋದರು.

ಮುಂದಿನ ಸುತ್ತಿನಲ್ಲಿ ವಕೀಲರು ಹತ್ತಿದರು. ಅವರಿಗೆ ಸುದ್ದಿ ಆಗಲೇ ಮುಟ್ಟಿತ್ತು. "ಇದಕ್ಕೆಲ್ಲ ಅರ್ಧ ಗಂಟೆ ಯಾಕಯ್ಯಾ? ನಾನು ನನ್ನ ಮಗನಿಗೆ ಒಂದೇ ಮಾತು ಹೇಳಿದ್ದು. ಕುಡಿದ್ಯೋ, ಮನೆ ಮೆಟ್ಟಿಲು ಹತ್ತಬೇಡ."

"ಆಮೇಲೆ ಏನಾಯ್ತು ಸಾರ್?"

"ಹತ್ತಿಲ್ಲ. ಮೂರು ವರ್ಷ ಆಯ್ತು" ಎಂದು ವಕೀಲರು ಐದನೇ ಮಹಡಿಯಲ್ಲಿ ಇಳಿದು ಹೋದರು.

ಆ ಒಂದು ಮಾತನ್ನೇ ಹೇಳಿ ಕೈ ತೊಳೆದುಕೊಳ್ಳೋಣ ಎಂದು ಲಿಫ್ಟಣ್ಣನೂ ಯೋಚಿಸಿದ್ದ.

ಅಷ್ಟು ಹೊತ್ತಿಗೆ ಸುದ್ದಿ ಲಿಫ್ಟಿಗಿಂತ ಜೋರಾಗಿ ಮೆಟ್ಟಿಲು ಹತ್ತುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಕಡ್ಡಿಯಾಗಿದ್ದದ್ದು ಏಳಕ್ಕೆ ಮುಟ್ಟುವಾಗ ಗುಡ್ಡವಾಗಿತ್ತು. ಐದರಲ್ಲಿ, ಲಿಫ್ಟಣ್ಣನ ಮಗಳು ಕುಡಿದು ಸಿಕ್ಕಿಬಿದ್ದಳಂತೆ. ಆರರಲ್ಲಿ, ಕಾಲೇಜಿನಿಂದ ಹೊರಗೆ ಹಾಕಿದರಂತೆ, ಚೀಲದ ಸಮೇತ ಬಂದಿದ್ದಾಳೆ. ಏಳರಲ್ಲಿ, ಆ ಸಂಕಟಕ್ಕೆ ಲಿಫ್ಟಣ್ಣನೇ ಬೆಳಗ್ಗೆಯಿಂದ ಕುಡಿದು ಲಿಫ್ಟ್ ಓಡಿಸುತ್ತಿದ್ದಾನಂತೆ. ಎಂಟನೆಯದರಲ್ಲಿ ಕಟ್ಟಡದ ಮ್ಯಾನೇಜರ್ ಕೂತಿದ್ದರು.

ಮ್ಯಾನೇಜರ್ ಕೆಳಗಿಳಿದು ಬಂದು, ಊಟಕ್ಕೆ ಹೊರಟಿದ್ದ ವಕೀಲರನ್ನೂ ಟೈಪಿಸ್ಟಮ್ಮನನ್ನೂ ಸಾಕ್ಷಿಗೆಂದು ಲಿಫ್ಟಿಗೆ ಹತ್ತಿಸಿಕೊಂಡರು. ಲಿಫ್ಟ್ ಹೊರಟಿತು. "ಎಲ್ಲಿ, ಊದು" ಎಂದು ಲಿಫ್ಟಣ್ಣನ ಬಾಯಿಗೆ ಮೂಗು ಹಿಡಿದರು.

ಹುಟ್ಟಿದಾರಭ್ಯ ಒಂದು ತೊಟ್ಟು ಮುಟ್ಟದ ಲಿಫ್ಟಣ್ಣ ಊದಲು ನೋಡಿದ. ಹೆದರಿಕೆಗೆ ಉಸಿರೇ ಬರಲಿಲ್ಲ.

"ನೋಡಿ, ನೋಡಿ, ಉಸಿರು ಬಿಗಿ ಹಿಡಿದಿದ್ದಾನೆ!" ಎಂದರು ಟೈಪಿಸ್ಟಮ್ಮ.

"ಅಪ್ಪ ಕುಡಿಯಲ್ಲ! ನಾನೂ ಕುಡಿಯಲ್ಲ! ಕುಡಿತದ ಬಗ್ಗೆ ಮಾತಾಡಿ ಅಂತ ಕಾಲೇಜಿನವರು ಹೇಳಿದ್ದಾರೆ, ಅಷ್ಟೇ!" ಎಂದು ಮಗಳು ಅಪ್ಪನ ಜೇಬಿನಿಂದ ಕಾಗದ ಕಿತ್ತು ತೋರಿಸಿದಳು.

ಮ್ಯಾನೇಜರ್ ಓದಲು ಕನ್ನಡಕ ಏರಿಸಿದರು. ಆ ಕ್ಷಣಕ್ಕೇ ಕರೆಂಟ್ ಹೋಯಿತು. ನಾಲ್ಕನೇ ಮಹಡಿಗೂ ಐದಕ್ಕೂ ನಡುವೆ ಲಿಫ್ಟ್ ಗಕ್ಕನೆ ನಿಂತಿತು.

ಮೇಲಿನ ಜಾಲರಿಯಿಂದ ಒಂದಿಷ್ಟು ಬೆಳಕು ಬೀಳುತ್ತಿತ್ತು. ಕೆಳಗಿನಿಂದ ಕಾವಲುಗಾರನ ಕೂಗು ಕೇಳಿತು: "ಹೆದರ್ಬೇಡಿ! ಮೇಲಿನ ಕೋಣೆಗೆ ಹೋಗಿ ಲಿಫ್ಟಿನ ಚಕ್ರ ಕೈಯಲ್ಲೇ ತಿರುಗಿಸ್ತೀನಿ!" ಅವನ ಮಂಡಿ ನೋವು ಎಲ್ಲರಿಗೂ ಗೊತ್ತಿತ್ತು. ಬಹಳ ಹೊತ್ತಾದ ಮೇಲೆ, ಈ ಸಲ ಮೇಲಿನಿಂದ, ಕೂಗು ಬಂತು: "ಕೋಣೆ ಕೀಲಿಕೈ ಕೆಳಗೇ ಬಿಟ್ಟುಬಂದೆ! ಈಗ ತರ್ತೀನಿ!"

"ಅಪ್ಪ, ಈಗ ಅರ್ಧ ಗಂಟೆ ಇದೆ" ಎಂದಳು ಮಗಳು.

ಲಿಫ್ಟಣ್ಣ ಸುತ್ತ ನೋಡಿದ. ಓಡಿಹೋಗಲು ಜಾಗವಿರಲಿಲ್ಲ. ಇಪ್ಪತ್ತು ದಿನ ಕಟ್ಟಿಟ್ಟಿದ್ದ ಉಪದೇಶದಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಬಂದದ್ದು ಯಾರಿಗೂ ಹೇಳದ ಒಂದು ಮಾತು, ಹೆಂಡತಿಗೂ ಹೇಳಿರಲಿಲ್ಲ.

"ನಾನು ತರಬೇತಿ ಶಾಲೆ ಸೇರಿದ ಮೊದಲನೇ ವಾರ" ಎಂದು ಶುರುಮಾಡಿದ. "ನನ್ನ ಪಕ್ಕದ ಮಂಚದಲ್ಲಿ ಒಬ್ಬ ಹುಡುಗ ಇದ್ದ. ತುಂಬ ನಗಿಸ್ತಿದ್ದ. ಒಂದೇ ಗುಟುಕಿಗೆ ಒಂದು ಬಾಟ್ಲಿ ಖಾಲಿ ಮಾಡು ನೋಡೋಣ ಅಂತ ದೊಡ್ಡ ಹುಡುಗರು ಪಂದ್ಯ ಕಟ್ಟಿದ್ರು. ಮಾಡಿಬಿಟ್ಟ. ಆಮೇಲೆ ಬಿದ್ದ. ಅವರ ಮನೆಗೆ ಫೋನ್ ಮಾಡೋಣ ಅಂದ್ರೆ ಬೈತಾರೆ ಅಂತ ಹೆದರಿಕೆ. ವಾರ್ಡನ್‌ಗೆ ಹೇಳೋಣ ಅಂದ್ರೆ ಹೊರಗೆ ಹಾಕ್ತಾರೆ ಅಂತ ಹೆದರಿಕೆ. ಕಂಬಳಿ ಹೊದಿಸಿ ಸುಮ್ನೆ ಕೂತ್ವಿ. ಬೆಳಗ್ಗೆ ಆಸ್ಪತ್ರೆಗೆ ಎತ್ಕೊಂಡು ಹೋದಾಗ ಡಾಕ್ಟರು ಕೇಳಿದ್ದು ಒಂದೇ. ಇಷ್ಟು ಹೊತ್ತು ಏನು ಮಾಡ್ತಿದ್ರಿ ಅಂತ."

"ಸತ್ತುಹೋದನಾ?" ಮಗಳ ದನಿ ಸಣ್ಣದಾಗಿತ್ತು.

"ಇಲ್ಲ. ಜೀವ ಉಳೀತು. ಆದ್ರೆ ಅವನು ಮತ್ತೆ ಯಾವತ್ತೂ ನನ್ನ ಗುರುತು ಹಿಡೀಲಿಲ್ಲ."

ಟೈಪಿಸ್ಟಮ್ಮ ಸೆರಗಿನ ತುದಿ ಕಣ್ಣಿಗೊತ್ತಿಕೊಂಡರು.

"ಕುಡೀಬೇಡಮ್ಮ" ಎಂದ ಲಿಫ್ಟಣ್ಣ. "ಆದ್ರೂ ಏನಾದ್ರೂ ಆಯ್ತು ಅಂದ್ರೆ ನಂಗೆ ಫೋನ್ ಮಾಡು. ಎಷ್ಟೊತ್ತಿಗಾದ್ರೂ ಮಾಡು. ಬೈಯಲ್ಲ. ಯಾಕೆ ಅಂತ ಕೇಳಲ್ಲ. ಮೊದಲು ಫೋನ್ ಎತ್ತುತೀನಿ, ಆಮೇಲೆ ಬಸ್ ಹತ್ತುತೀನಿ."

"ನಂಗಲ್ಲದೆ ಬೇರೆಯವರಿಗೆ ಆದ್ರೆ?"

"ಯಾರಿಗಾದ್ರೂ ಸರಿ. ಪಕ್ಕದ ಮಂಚದವರಿಗಾದ್ರೂ ಸರಿ."

ವಕೀಲರು ಮೂಗು ಒರೆಸಿಕೊಂಡರು. "ಹಿಂಗೂ ಹೇಳಬಹುದು ಅಂತ ನಂಗೆ ಹೊಳೀಲೇ ಇಲ್ವಲ್ಲಯ್ಯಾ" ಎಂದರು ಮೆಲ್ಲಗೆ. ಮರುಕ್ಷಣವೇ ವಕೀಲಿಕೆ ತಲೆ ಎತ್ತಿತು. "ಆದ್ರೆ ಬಾಯಿಮಾತು ನಿಲ್ಲಲ್ಲ. ಬರವಣಿಗೇಲಿ ಕೊಡು." ಅವರೇ ಪೆನ್ನು ತೆಗೆದು, ಮ್ಯಾನೇಜರರ ಬೆನ್ನನ್ನೇ ಮೇಜು ಮಾಡಿಕೊಂಡು, ಕಾಗದದ ಹಿಂಭಾಗದಲ್ಲಿ ಬರೆದರು: ಯಾವ ಹೊತ್ತಿನಲ್ಲಾಗಲಿ, ಯಾರ ವಿಷಯಕ್ಕಾಗಲಿ, ಬೈಯದೆ, ಕಾರಣ ಕೇಳದೆ ಫೋನ್ ಎತ್ತತಕ್ಕದ್ದು. ಕೆಳಗೆ ಲಿಫ್ಟಣ್ಣನ ಫೋನ್ ನಂಬರು, ಸಹಿ. ಸಾಕ್ಷಿಗಳು: ವಕೀಲರು, ಮ್ಯಾನೇಜರ್, ಟೈಪಿಸ್ಟಮ್ಮ. ಟೈಪಿಸ್ಟಮ್ಮನಂತೂ ಅಳುತ್ತಲೇ ಎರಡು ಕಡೆ ಸಹಿ ಹಾಕಿದರು.

ಅಷ್ಟರಲ್ಲಿ ಕಾವಲುಗಾರ ಚಕ್ರ ತಿರುಗಿಸಿದ. ಲಿಫ್ಟ್ ಮೊಣಕಾಲೂರಿ ತೆವಳುವ ಮಗುವಿನಂತೆ ಕೆಳಗಿಳಿಯಿತು.

ಹಾಸ್ಟೆಲ್ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಮೇಜಿನ ಮುಂದೆ ಹುಡುಗಿಯರ ಸಾಲು. ಅವರ ಕೈಯಲ್ಲಿದ್ದ ಕಾಗದಗಳೆಲ್ಲ ಗರಿಗರಿಯಾಗಿ, ಎರಡೆರಡೇ ಸಹಿ ಹೊತ್ತಿದ್ದವು. ಮಗಳ ಕಾಗದ ಮಾತ್ರ ಸುಕ್ಕುಗಟ್ಟಿ, ಹಿಂದೆ ಮುಂದೆ ಸಹಿ ತುಂಬಿಕೊಂಡಿತ್ತು. ಪಕ್ಕದವಳು ಇಣುಕಿ ಓದಿದಳು. ಅವಳ ಪಕ್ಕದವಳು ಇಸಿದುಕೊಂಡು ಓದಿದಳು. ಕಾಗದ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಗಿ ಬಂತು. ಗೇಟಿನ ಆಚೆ ನಿಂತಿದ್ದ ಲಿಫ್ಟಣ್ಣನಿಗೆ, ತನ್ನನ್ನು ನೋಡಿ ನಗುತ್ತಿದ್ದಾರೆ ಎನಿಸಿ ಮೈಯೆಲ್ಲ ಬೆವರಿತು. ಮಗಳು ಕೀಲಿಕೈ ಎತ್ತಿ ತೋರಿಸಿದಳು. ಅವನು ಕೈ ಬೀಸಿ ಬಸ್ಸು ಹತ್ತಿದ.

ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಇಪ್ಪತ್ತು ದಿನಗಳ ಮೇಲೆ ಮೊದಲ ಸಲ ಹಸಿವಾಗಿತ್ತು. ಇವತ್ತು ನಿದ್ದೆ ಬಂದೀತು ಎಂದುಕೊಂಡ. ತುತ್ತು ಬಾಯಿಗಿಡುವಷ್ಟರಲ್ಲಿ ಫೋನ್ ಬಂತು, ಹಾಸ್ಟೆಲ್‌ನದು. ಅವನ ಜೀವ ಬಾಯಿಗೆ ಬಂತು.

"ನಾನು ವಾರ್ಡನ್ ಮಾತಾಡ್ತಿರೋದು. ಗಾಬರಿ ಆಗ್ಬೇಡಿ, ನಿಮ್ಮ ಮಗಳು ಚೆನ್ನಾಗಿದ್ದಾಳೆ. ಒಂದು ವಿಷಯ ಕೇಳ್ಬೇಕಿತ್ತು. ಏನಾದ್ರೂ ಆದ್ರೆ ಹೆದರದೆ ಫೋನ್ ಮಾಡಬಹುದಾದ ಹಿರಿಯರು ಯಾರು ಅಂತ ನಮ್ಮಲ್ಲಿ ಎಲ್ಲರ ಹತ್ರಾನೂ ಬರೆಸ್ಕೋತೀವಿ. ನಿಮ್ಮ ಮಗಳೂ ಸೇರಿ ಮೂವತ್ತೊಂದು ಹುಡುಗಿಯರು ನಿಮ್ಮ ನಂಬರೇ ಬರೆದಿದ್ದಾರೆ. ನೀವು ಅವರಿಗೆಲ್ಲ ಏನಾಗಬೇಕು?"

ಲಿಫ್ಟಣ್ಣ ತುತ್ತನ್ನು ತಟ್ಟೆಗಿಟ್ಟ. ಒಬ್ಬಳ ಹೆದರಿಕೆಯನ್ನೇ ಇಪ್ಪತ್ತು ದಿನ ಹೊತ್ತು ಸಾಕಾಗಿತ್ತು. ಇದು ಮೂವತ್ತೊಂದು!

"ಬೇಡ ಅಂದ್ರೆ ಹೇಳಿ, ಹೊಡೆದು ಹಾಕ್ತೀನಿ. ಅವರವರ ಅಪ್ಪಂದಿರ ನಂಬರೇ ಬರೆಸ್ತೀನಿ" ಎಂದರು ವಾರ್ಡನ್.

ಹೊಡೆದು ಹಾಕಿ ತಾಯಿ, ಪುಣ್ಯ ಬರುತ್ತೆ ಎನ್ನಲು ಅವನು ಬಾಯಿ ತೆರೆದ. ಪಕ್ಕದ ಮಂಚದ ಹುಡುಗನ ಮುಖ ಕಣ್ಣ ಮುಂದೆ ಬಂತು. "ಇರಲಿ ಬಿಡಿ" ಎಂದುಬಿಟ್ಟ.

ಫೋನ್ ಕೆಳಗಿಡುವಷ್ಟರಲ್ಲಿ ಮತ್ತೆ ಬಂತು. ಗೊತ್ತಿಲ್ಲದ ನಂಬರು, ಗೊತ್ತಿಲ್ಲದ ಸಣ್ಣ ದನಿ.

"ಲಿಫ್ಟ್ ಅಂಕಲ್ ತಾನೇ?"

"ಹೌದಮ್ಮ! ಏನಾಯ್ತು? ಯಾರಿಗೇನಾಯ್ತು? ನಾನೀಗಲೇ ಹೊರಟೆ!" ಅವನು ಎದ್ದೇ ನಿಂತಿದ್ದ.

"ಏನೂ ಆಗಿಲ್ಲ ಅಂಕಲ್. ನೀವು ನಿಜವಾಗ್ಲೂ ಎತ್ತುತೀರಾ ಅಂತ ನೋಡಿದೆ. ಬೈಯಲೂ ಇಲ್ಲ! ಇಡ್ತೀನಿ ಅಂಕಲ್, ಇನ್ನೂ ಇಪ್ಪತ್ತೊಂಬತ್ತು ಜನ ನೋಡಬೇಕಂತೆ, ಸಾಲಲ್ಲಿ ನಿಂತಿದ್ದಾರೆ."

ಅವನು ಕೂರುವ ಮೊದಲೇ ಫೋನ್ ಮತ್ತೆ ಹೊಡೆದುಕೊಂಡಿತು.

"ಯಾರ್ರೀ ಅದು, ಊಟದ ಹೊತ್ತಲ್ಲಿ?" ಎಂದು ಹೆಂಡತಿ ಅಡಿಗೆಮನೆಯಿಂದ ಕೂಗಿದಳು.

"ಮಗಳು" ಎಂದ ಲಿಫ್ಟಣ್ಣ.

ಹೆಂಡತಿ ಬಂದು ಫೋನಿನ ಮೇಲೆ ಬಗ್ಗಿ ನೋಡಿದಳು. "ಇದು ಅವಳ ನಂಬರಲ್ವಲ್ಲ!"

ಅವನು ಆಗಲೇ ಕಿವಿಗೆ ಹಿಡಿದು, ಬೆವರು ಒರೆಸಿಕೊಳ್ಳುತ್ತ, "ಹೇಳಮ್ಮ" ಎನ್ನುತ್ತಿದ್ದ.