ಕಡಲಿಗೆ ಜಿಗಣೆ ಎಣ್ಣೆ

ನೀರಿನ ವಿಷಯದಲ್ಲಿ ಗುಡ್ಡದ ಮೇಲಿನವರಿಗೆ ಇರುವಷ್ಟು ಗರ್ವ ಮೀನಿಗೂ ಇರಲಾರದು. ಅರ್ಧ ವರ್ಷ ಮಳೆಯಲ್ಲೇ ನೆನೆಯುತ್ತೇವೆ, ಹೊದೆಯುವ ಕಂಬಳಿಗೂ ಬೂಷ್ಟು ಹಿಡಿಯುತ್ತದೆ, ಸಾಲದ್ದಕ್ಕೆ ಕಾವೇರಿ ಹುಟ್ಟುವುದೇ ನಮ್ಮಲ್ಲಿ. ಹಾಗಾಗಿ ನೀರೆಂದರೆ ಮನೆಮಂದಿ ಎಂಬ ಸಲುಗೆ. ನಾನು ಕಕ್ಕಬೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಗೊಬ್ಬರದ ಮೂಟೆ, ಬಿದ್ದ ಮಳೆ ಇವಿಷ್ಟನ್ನು ನೋಡಿಕೊಂಡೇ ತಲೆ ಬೆಳ್ಳಗಾಯಿತು. ಇಂಥವನ ಮಗಳು ಚೈತ್ರ ಕರಾವಳಿಗೆ ಹೋಗಿ, ಪ್ರವಾಸಿಗರನ್ನು ಸಮುದ್ರದಲ್ಲಿ ಮುಳುಗಿಸಿ ಮೀನು ತೋರಿಸುವ ಕೆಲಸ ಕಲಿತಳು. ಮುಳುಗಿಸುವುದಕ್ಕೆ ಯಾರಾದರೂ ಸಾಕು, ಮೇಲಕ್ಕೆ ತರುವುದಕ್ಕೇ ಸಂಬಳ ಕೊಡುತ್ತಾರಂತೆ.

ನನಗೆ ಇದು ಹಿಡಿಸಲಿಲ್ಲ. ನಮ್ಮ ಹೊಳೆ ಯಾರನ್ನಾದರೂ ಒಯ್ದರೆ ಕೆಳಗಿನ ಊರಿನಲ್ಲಾದರೂ ಸಿಗುತ್ತಾರೆ. ಸಮುದ್ರಕ್ಕೆ ಕೆಳಗಿನ ಊರೇ ಇಲ್ಲವಲ್ಲ! ಕೊನೆಗೆ ಅವಳೇ ಫೋನಿನಲ್ಲಿ ಹೇಳಿದಳು. “ಅಪ್ಪಾ, ಕೆಲಸ ಖಾಯಂ ಮಾಡ್ತೀವಿ ಅಂತಿದಾರೆ. ಒಂದ್ಸಲ ಬಂದು ನನ್ ಜೊತೆ ನೀರಿಗಿಳಿ. ಆಮೇಲೂ ಬೇಡ ಅಂದ್ರೆ ಬಿಟ್ಟು ಮನೆಗೆ ಬರ್ತೀನಿ.” ನನ್ನ ಹೆಂಡತಿ ಶಾರದೆಯೂ ದೂಡಿದಳು. “ಹೋಗ್ಬನ್ನಿ ಅತ್ಲಾಗೆ. ಕೊಡದಲ್ಲಿರೋ ನೀರು ನೋಡಿದ್ರೂ ನಿಟ್ಟುಸಿರು ಬಿಡ್ತೀರ, ನಂಗೂ ಸಾಕಾಗಿದೆ ಕಣ್ರೀ.” ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಶುರುವಾಗುವ ಹೊತ್ತು. ಮಾಲೀಕರ ಹತ್ತಿರ ಗೋಗರೆದು ರಜೆ ಪಡೆದು, ಎರಡು ಪಂಚೆ, ಒಂದು ಟವೆಲು ಮತ್ತು ಚೆನ್ನಾಗಿ ಮಡಿಸಿದ ಒಂದು “ಬೇಡ” ಇಟ್ಟುಕೊಂಡು ಬಸ್ಸು ಹತ್ತಿದೆ.

ನಾನು ಹೋದ ಹೊತ್ತಿಗೆ ಸಮುದ್ರಕ್ಕೆ ಏನು ಕೋಪವೋ. ದೂರದಲ್ಲೆಲ್ಲೋ ವಾಯುಭಾರ ಕುಸಿತವಂತೆ. ದೋಣಿಗಳನ್ನೆಲ್ಲ ಮರಳಿನ ಮೇಲಕ್ಕೆ ಎಳೆದು ಹಾಕಿದ್ದರು. ನೀರು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪರ್ ತೊಳೆದ ನೀರಿನ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ದೋಣಿ ಇಲ್ಲದೆ ದಡದಿಂದಲೇ ನಡೆದು ಹೋಗಿ ಮುಳುಗುವ ಒಂದು ಜಾಗ ಅವರಿಗಿದೆ, ಬಂಡೆಗಳ ನಡುವಿನ ಸಣ್ಣ ಕೊಲ್ಲಿ. ಚೈತ್ರ ಅಲ್ಲಿ ನಿಂತು, ಕಾಫಿ ಗಿಡ ಹೂ ಬಿಡಿಸುವ ಬೇಸಿಗೆಯ ಮಳೆಗಾಗಿ ನಾನು ಆಕಾಶ ನೋಡುವ ಹಾಗೆಯೇ ಅಲೆಗಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ, “ಇವತ್ತಾಗಲ್ಲ ಅಪ್ಪಾ,” ಎಂದಳು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. “ತುಂಬಿದ ಹೊಳೇಲಿ ಈಜಿದೋನು ಕಣಮ್ಮ ನಾನು. ನಾಳೆ ರಜೆ ಇಲ್ಲ,” ಎಂದು ಹಟ ಹಿಡಿದೆ. ಇಳಿಯದೆ “ಬೇಡ” ಅಂದರೆ ಮಾತಿಗೆ ತಪ್ಪಿದಂತೆ ಎಂಬ ಲೆಕ್ಕ ನನ್ನದು. ಅವಳು ಸೋತು, “ಸರಿ, ಮೊಣಕಾಲುದ್ದ ಮಾತ್ರ. ಫಿನ್ ಹಾಕ್ಕೊಂಡು ನಿಲ್ಲೋದು, ವಾಪಸ್ ಬರೋದು,” ಎಂದಳು. ಫಿನ್ ಎಂದರೆ ಕಾಲಿಗೆ ತೊಡುವ ಬಾತುಕೋಳಿ ಪಾದ. ಉಳಿದವರು ಅದನ್ನು ಹಾಕಿಕೊಳ್ಳಲು ಒದ್ದಾಡುತ್ತಾರಂತೆ, ನನ್ನ ಕಾಲು ಮಾತ್ರ ಸರಕ್ಕನೆ ಒಳಗೆ ಹೋಯಿತು. ಹುಟ್ಟು ಪ್ರತಿಭೆ ಎಂದುಕೊಂಡೆ.

ಅವಳ ತೋಳು ಹಿಡಿದು, ಹೇಳಿಕೊಟ್ಟ ಹಾಗೆ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ, ಕತ್ತು ತಿರುಗಿಸಿ ಅಲೆ ನೋಡುತ್ತ ಇಳಿದೆ. ಮೊದಲ ಅಲೆಗೆ ಎಡಗಾಲಿನ ಫಿನ್ ಕಳಚಿಕೊಂಡು ಹೋಯಿತು. ಎಸ್ಟೇಟಿನಲ್ಲಿ ಒಂದು ಕತ್ತಿ ಕಳೆದರೂ ಜವಾಬು ಕೊಡಬೇಕಾದವನು ನಾನು. ಅವಳ ತೋಳು ಬಿಟ್ಟು ಫಿನ್ ಹಿಡಿಯಲು ಬಗ್ಗಿದೆ. ಎರಡನೆಯ ಅಲೆ ನನ್ನನ್ನು ಅಡಿಮೇಲು ಮಾಡಿತು. ಮೂಗು, ಬಾಯಿ, ಕಿವಿ ತುಂಬ ಉಪ್ಪು, ಮರಳು. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಸಾಯುವುದು ಎಂಥ ಮರ್ಯಾದೆಗೇಡು ಎಂಬ ಯೋಚನೆ ಬಂದದ್ದು ಮಾತ್ರ ನೆನಪಿದೆ. ಆಮೇಲೆ ಕುತ್ತಿಗೆಯ ಹತ್ತಿರ ಯಾರೋ ಹಿಡಿದರು. ಕಾಫಿ ಮೂಟೆ ಎಳೆದ ಹಾಗೆ ಎಳೆದು ಮರಳಿನ ಮೇಲೆ ಹಾಕಿದರು.

ಕೆಮ್ಮುತ್ತಲೇ, “ಫಿನ್ನು... ಫಿನ್ನು...” ಎಂದು ಏಳಹೊರಟೆ.

“ಕೂತ್ಕೋ ಸುಮ್ನೆ!” ಮಗಳು ನನ್ನನ್ನು ಗದರಿದ್ದು ಅದೇ ಮೊದಲು. “ಹೋದ್ರೆ ಹೋಗ್ಲಿ ಅದು.” ಆಮೇಲೆ ನನ್ನ ಕಾಲು ಮುಟ್ಟಿ, ಕೈ ಮೂಸಿ ನೋಡಿದಳು. “ಏನಪ್ಪಾ ಇದು?”

“ಜಿಗಣೆ ಎಣ್ಣೆ.” ಕೊಬ್ಬರಿ ಎಣ್ಣೆಗೆ ಹೊಗೆಸೊಪ್ಪಿನ ಪುಡಿ ಕಲಸಿದ್ದು, ಸೀಸೆ ಸದಾ ಜೇಬಿನಲ್ಲೇ. ನೆನೆದ ಹುಲ್ಲು ಕಂಡರೆ ಸಾಕು, ಮೊಣಕಾಲಿನವರೆಗೆ ತಾನಾಗಿ ಬಳಿದುಕೊಳ್ಳುವ ಕೈ ನನ್ನದು.

“ಸಮುದ್ರದಲ್ಲಿ ಜಿಗಣೆನಾ?”

“ದಾರೀಲಿ ಹುಲ್ಲಿತ್ತಲ್ಲಮ್ಮಾ.”

ಅವಳು ನಗಲು ಹೋದಳು, ಆಗಲಿಲ್ಲ. “ಮೊಣಕಾಲುದ್ದಕ್ಕೂ ಬಿಡಬಾರದಿತ್ತು ನಾನು. ಇನ್ಮೇಲೆ ಯಾರು ಹಟ ಮಾಡಿದ್ರೂ ಬಿಡಲ್ಲ,” ಎಂದಳು. ಟವೆಲಿನಿಂದ ನನ್ನ ತಲೆ ಒರೆಸುತ್ತ, “ಈಗ ಹೇಳು ಅಪ್ಪಾ. ಬೇಡ ಅಂದ್ರೆ ಇವತ್ತೇ ಬಸ್ಸಿಗೆ ಬರ್ತೀನಿ.”

ಫಿನ್ ಇನ್ನೂ ಕಾಣುತ್ತಿತ್ತು. ಒಂದೊಂದು ಅಲೆಗೂ ತಲೆ ಎತ್ತಿ ನನ್ನನ್ನು ಕರೆಯುತ್ತಿತ್ತು. ನನ್ನ ಕಣ್ಣು ಅದರ ಮೇಲೇ ಇತ್ತು. ಅವಳು ಒಂದು ಸಲವೂ ಅತ್ತ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಸಮುದ್ರ ಯಾರನ್ನು ವಾಪಸು ಕಳಿಸುತ್ತದೆ ಎಂಬುದು ನನಗೆ ಮಸುಕು ಮಸುಕಾಗಿ ಹೊಳೆಯಿತು. ಫಿನ್ನಿನ ಹಿಂದೆ ಹೋಗುವ ನನ್ನಂಥವರನ್ನಂತೂ ಅಲ್ಲ. ಮಡಿಸಿ ತಂದಿದ್ದ “ಬೇಡ” ನಾಲಿಗೆಯ ತುದಿಯವರೆಗೂ ಬಂದಿತ್ತು. “ಮುಂದಿನ ಸಲ ಎಣ್ಣೆ ಹಚ್ಚಲ್ಲ ಬಿಡು,” ಎಂದೆ. ಅವಳು ಮುಖ ಆ ಕಡೆ ತಿರುಗಿಸಿ ಕೂತಳು.

ಒಪ್ಪಿಗೆ ಕೊಟ್ಟರೆ ಭಯ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ನಾನೇ ಹಾಗೆ ತಿಳಿದಿದ್ದೆ. ಈಗ ಕಾಫಿ ಗಿಡಗಳ ನಡುವೆ ನಿಂತು ಮೊಬೈಲಿನಲ್ಲಿ ಕಡಲಿನ ಹವಾಮಾನ ನೋಡುತ್ತೇನೆ. ಮೊನ್ನೆ ಪಿಕ್ಕಿಂಗಿನ ಪಾರ್ವತಿ, “ರೈಟ್ರೇ, ಇವತ್ತು ಬಿಸ್ಲು ಬರ್ತದಾ?” ಎಂದು ಕೇಳಿದ್ದಕ್ಕೆ, “ಅಲೆ ಜಾಸ್ತಿ ಇದೆಯಂತೆ,” ಎಂದುಬಿಟ್ಟೆ. ಹೆಂಗಸರೆಲ್ಲ ಗಿಡಗಳ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕಡಲು ಶಾಂತವಾಗಿದೆ ಎಂದರೆ ಅವಳು ನೀರಿನೊಳಗಿದ್ದಾಳೆ, ನನಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. “ಇವತ್ತು ಭಾರೀ ಅಲೆ ಅಪ್ಪಾ, ಕೆಲಸ ಇಲ್ಲ, ರೂಮಲ್ಲೇ ಇದೀನಿ,” ಎಂದು ಅವಳು ಬೇಸರದಿಂದ ಫೋನು ಮಾಡಿದ ದಿನ ಎರಡು ಸಲ ಬಡಿಸಿಕೊಂಡು ಉಣ್ಣುತ್ತೇನೆ. ಮಗಳ ಕೆಲಸಕ್ಕೆ ಮನಸಾರೆ ಒಪ್ಪಿದ ತಂದೆ ನಾನು. ದಿನಾ ಬೆಳಿಗ್ಗೆ ದೀಪ ಹಚ್ಚಿ, ಆ ಕೆಲಸ ಇವತ್ತೊಂದು ದಿನ ಕೆಡಲಪ್ಪ ಎಂದು ಕೈಮುಗಿಯುತ್ತೇನೆ.